ಒದೆಯುವ ಕಾಲು, ನಿಲ್ಲುವ ಕಾಲು

ನೆಗೊತಿನ್
4 ನವೆಂಬರ್ 1986

ದೆಸಾ ಅಕ್ಕಾ,

ಈ ಪತ್ರ ಬರೆಯುತ್ತಿರುವುದು ನಿನ್ನ ತಮ್ಮ ರಾದಿಸಾವ್ ಎಂದು ತಿಳಿಯಬೇಡ. ಬರೆಯುತ್ತಿರುವುದು ನೆಗೊತಿನ್ ಊರಿನ ಎಡಗಾಲು. ಈ ಬಿರುದು ನಾನು ಇಟ್ಟುಕೊಂಡದ್ದಲ್ಲ, ಊರವರು ಕೊಟ್ಟದ್ದು. ನಿನ್ನೆ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಹಿಂದಿದ್ದ ಅಜ್ಜಿ ನನ್ನ ಮುಖವನ್ನು ನೋಡಲೇ ಇಲ್ಲ. ಬಗ್ಗಿ ನನ್ನ ಎಡ ಬೂಟಿನ ಹತ್ತಿರ, "ಹುಷಾರಾಗಿದೀಯೇನಪ್ಪಾ?" ಎಂದು ಕೇಳಿದಳು.

"ಎಡಗಾಲಿಗೆ ಏನೂ ಆಗಿಲ್ಲ ಅಜ್ಜೀ. ಕೊಯ್ದು ಹೊಲಿದಿದ್ದು ಬಲಗಾಲು."

"ಓ, ಅದಾ?" ಎಂದು ಸಮಾಧಾನದ ಉಸಿರು ಬಿಟ್ಟು ಬ್ರೆಡ್ಡು ಕೊಂಡು ಹೋದಳು.

ಆ 'ಅದು' ಈಗ ಹೇಗಿದೆ ಎಂದರೆ, ಪ್ಲಾಸ್ಟರ್ ಒಡೆದಾಗ ಒಳಗಿನಿಂದ ಬಂದದ್ದು ಕಾಲಲ್ಲ, ಸುಲಿದ ಮೂಲಂಗಿ. ಏಪ್ರಿಲ್‌ನಲ್ಲಿ ಮಂಡಿಯೊಳಗೆ ಹರಿದ ಹುರಿಯನ್ನು ಬೆಲ್‌ಗ್ರೇಡಿನ ಡಾಕ್ಟರು ಚೆನ್ನಾಗಿಯೇ ಹೊಲಿದಿದ್ದಾರೆ. ಆದರೆ ಆಡಲು ಒಪ್ಪಿಗೆ ಕೊಡುವುದಿಲ್ಲವಂತೆ. "ಅಳತೆ ಮಾಡಿಸಿಕೊಂಡು ಬಾ. ಹೊಲಿದ ಕಾಲಿಗೆ ಇನ್ನೊಂದು ಕಾಲಿನ ನೂರಕ್ಕೆ ತೊಂಬತ್ತರಷ್ಟು ಬಲ ಇದ್ರೆ ಫುಟ್ಬಾಲ್ ಆಡು. ಇಲ್ದಿದ್ರೆ ಚೆಸ್ ಆಡು" ಎಂದರು. ಅಳೆಯುವ ಯಂತ್ರ ಎಲ್ಲಿದೆ ಎಂದು ವಿಚಾರಿಸಿದರೆ, ಲ್ಯುಬ್ಲಿಯಾನಾದಲ್ಲಿ, ನಿನ್ನ ಪ್ರಯೋಗಶಾಲೆಯಲ್ಲಿ! ಆಟಗಾರರ ಕಾಲು ಅಳೆದು ಡಾಕ್ಟರ್ ಪದವಿ ಪಡೆಯಲು ಹೊರಟ ಅಕ್ಕನಿರುವಾಗ ಬೇರೆಯವರ ಮುಂದೆ ನಾನೇಕೆ ಪ್ಯಾಂಟು ಮಡಚಲಿ?

ವಸಂತದ ಮೊದಲ ಪಂದ್ಯ ಮಾರ್ಚ್ 22ಕ್ಕೆ, ಗಣಿ ಊರಿನವರ ಮೇಲೆ. ನನಗೆ ಮೂವತ್ತಾಯಿತು. ಆ ದಿನ ನನ್ನ ಹನ್ನೊಂದನೆಯ ನಂಬರಿನ ಅಂಗಿ ಬೇರೆಯವನ ಬೆನ್ನಿಗೆ ಹೋದರೆ ಮತ್ತೆ ನನ್ನ ಬೆನ್ನಿಗೆ ಬರುವುದಿಲ್ಲ. ಕಾಗದದ ಮೇಲೆ ನಾನು ವೈನ್ ಕಾರ್ಖಾನೆಯ ಉಗ್ರಾಣದವನು, ಸಂಬಳವೂ ಅಲ್ಲಿಂದಲೇ. ಆದರೆ ಆ ಉಗ್ರಾಣದ ಬಾಗಿಲು ಯಾವ ದಿಕ್ಕಿಗಿದೆ ಎಂದು ನನಗೆ ಗೊತ್ತಿಲ್ಲ. ಒದೆಯುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಅಕ್ಕಾ. ಇದೊಂದು ವಾಕ್ಯ ಮಾತ್ರ ತಮಾಷೆಗೆ ಬರೆದದ್ದಲ್ಲ.

ನಿನ್ನ,
ಎಡಗಾಲು (ಮತ್ತು ಅದಕ್ಕೆ ಅಂಟಿಕೊಂಡಿರುವ ರಾದಿಸಾವ್)


ಲ್ಯುಬ್ಲಿಯಾನಾ
15 ನವೆಂಬರ್ 1986

ಸನ್ಮಾನ್ಯ ಎಡಗಾಲಿನವರಿಗೆ,

ತಮ್ಮ ಪತ್ರ ತಲುಪಿತು. ಇನ್ನು ಮುಂದೆ ನಾನು ಮಾತನಾಡುವುದು ಬಲಗಾಲಿನ ಜೊತೆ. ತಾವು ಸ್ವಲ್ಪ ಹೊತ್ತು ಮೂಲೆಯಲ್ಲಿ ಕುಳಿತಿರಬೇಕು.

ರಾದೆ, ನನ್ನ ಓದು ಏನೆಂದು ನೀನು ಯಾವತ್ತೂ ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರತಿ ಆಟಗಾರನಿಗೂ ಒಂದು ಮೇಲುಗೈ ಕಾಲು ಇರುತ್ತದೆ. (ಕಾಲಿಗೆ ಮೇಲುಗೈ ಹೇಗೆ ಎಂದು ಕೇಳಬೇಡ, ಪ್ರೊಫೆಸರ್ ಲೆಸ್ಕೊವಾರ್ ಕೇಳಿಯಾಗಿದೆ.) ಅದು ಒದೆಯುತ್ತದೆ, ಅದರ ಫೋಟೋ ಪೇಪರಿನಲ್ಲಿ ಬರುತ್ತದೆ. ಇನ್ನೊಂದು ಕಾಲು ಏನು ಮಾಡುತ್ತದೆ ಎಂದು ಆಟಗಾರರನ್ನೇ ಕೇಳಿದರೆ, "ಅದಾ? ಅದೂ ಇದೆ" ಎನ್ನುತ್ತಾರೆ. ಎರಡರ ಬಲ ಎಷ್ಟು, ಜಿಗಿತ ಎಷ್ಟು, ಒಂಟಿಯಾಗಿ ನಿಂತಾಗ ತೂಗಾಡುವುದು ಎಷ್ಟು ಎಂದು ನಾನು ಅಳೆಯುತ್ತೇನೆ. ಯಂತ್ರ ನೋಡಲು ಹಲ್ಲಿನ ಡಾಕ್ಟರ ಕುರ್ಚಿಯ ಹಾಗಿದೆ. ಕೂರಿಸಿ, ತೊಡೆಗೆ ಪಟ್ಟಿ ಕಟ್ಟಿ, "ಒದೀರಿ" ಎನ್ನುತ್ತೇವೆ. ಎಷ್ಟು ಜೋರಾಗಿ ಒದ್ದರೂ ಅದು ತನ್ನದೇ ವೇಗದಲ್ಲಿ ಏಳುತ್ತದೆ, ಒದೆ ಎಷ್ಟಿತ್ತೆಂದು ಮುಳ್ಳು ಬರೆಯುತ್ತದೆ.

ಜನವರಿ ಕೊನೆಗೆ ಬಾ. ಅಲ್ಲಿಯವರೆಗೆ ದಿನಾ ಮೆಟ್ಟಿಲು ಹತ್ತು, ಬಲಗಾಲು ಮುಂದಿಟ್ಟು. ಹಲ್ಲುಜ್ಜುವಾಗ ಬಲಗಾಲಿನ ಮೇಲೆ ಮಾತ್ರ ನಿಲ್ಲು. ಬಿದ್ದರೆ ಬಚ್ಚಲಿನೊಳಗೇ ಬೀಳು, ಹೊರಗೆ ಬಿದ್ದರೆ ಸ್ತಾಮೆನಾ ನನಗೆ ಪತ್ರ ಬರೆಯುತ್ತಾಳೆ. ನಿನ್ನ ಹೆಂಡತಿಯ ಅಕ್ಷರ ಕಂಡರೆ ನನಗೆ ಭಯ.

ಪ್ರೊಫೆಸರರ ಬಗ್ಗೆ ಮುಂಚೆಯೇ ಹೇಳಿಬಿಡುತ್ತೇನೆ. ನಿಂಬೆ ಹಿಂಡಿದ ಚಹಾ ಕುಡಿಯುತ್ತಾರೆ, ಮನುಷ್ಯರ ಮುಖ ನೆನಪಿಟ್ಟುಕೊಳ್ಳುವುದಿಲ್ಲ, ಮಂಡಿ ನೋಡಿದರೆ ಹೆಸರು ಹೇಳುತ್ತಾರೆ.

ಒದೆಯುವುದು ಬಿಟ್ಟು ನಿನಗೆ ಬೇರೇನೂ ಬರುವುದಿಲ್ಲ ಎಂಬುದು ಸುಳ್ಳು. ನೀನು ಚೆನ್ನಾಗಿ ಜಗಳ ಆಡುತ್ತೀಯ.

ದೆಸಾ


ನೆಗೊತಿನ್
21 ಡಿಸೆಂಬರ್ 1986

ಅಕ್ಕಾ,

ಮೊನ್ನೆ ನಮ್ಮ ಮನೆಯ ಸಂತ ನಿಕೋಲನ ಹಬ್ಬ ಆಯಿತು. ನೀನಿಲ್ಲದೆ ಮೀನಿಗೆ ಉಪ್ಪು ಜಾಸ್ತಿಯಾಯಿತು, ಸ್ತಾಮೆನಾ ಅದಕ್ಕೂ ನಿನ್ನನ್ನೇ ಬೈದಳು.

ನಮ್ಮ ತರಬೇತುದಾರ ಜಿವೋತಾ ಮಾಮನಿಗೆ ಲ್ಯುಬ್ಲಿಯಾನಾದ ಯಂತ್ರದ ಮೇಲೆ ನಂಬಿಕೆಯಿಲ್ಲ. "ಅದೇನು ಮಹಾ, ಇಲ್ಲೇ ಅಳೆಯೋಣ" ಎಂದು ಹಬ್ಬದ ಮಾರನೆಯ ದಿನವೇ ಕಟುಕನ ಅಂಗಡಿಯಿಂದ ಸ್ಪ್ರಿಂಗ್ ತಕ್ಕಡಿ ತಂದ. ಒಂದು ಕೊಕ್ಕೆ ಬಾಗಿಲ ಚೌಕಟ್ಟಿಗೆ, ಇನ್ನೊಂದು ನನ್ನ ಬಲಪಾದಕ್ಕೆ.

"ಎಳಿಯೋ!"

"ಎಳೀತಾನೇ ಇದೀನಲ್ಲ ಮಾಮ."

"ಇದು ಎಳಿಯೋದಾ? ಹೋದ ವಾರ ಇದೇ ತಕ್ಕಡೀಲಿ ಹಂದಿ ತಲೆ ತೂಗಿದ್ರು. ಸುಮ್ನೆ ನೇತಾಡ್ತಾನೇ ಇದಕ್ಕಿಂತ ಜಾಸ್ತಿ ಎಳೆದಿತ್ತು."

ಅಡುಗೆಮನೆಯಿಂದ ಸ್ತಾಮೆನಾ, "ಅದಕ್ಕೆ ಬುದ್ಧಿನೂ ಜಾಸ್ತಿ ಇತ್ತು ಮಾಮ" ಎಂದಳು.

ಆಮೇಲೆ ಎಡಗಾಲಿನ ಸರದಿ. ಏನೆಂದು ಹೇಳಲಿ! ತಕ್ಕಡಿಯ ಸ್ಪ್ರಿಂಗ್ ಕಿತ್ತು ಬಂತು. ಬಾಗಿಲ ಚೌಕಟ್ಟೂ ಬಂತು. ಕಟುಕನಿಗೆ ಹೊಸ ತಕ್ಕಡಿ, ಸ್ತಾಮೆನಾಗೆ ಹೊಸ ಚೌಕಟ್ಟು ಕೊಡಿಸಬೇಕಾಗಿದೆ. ಮಾಮನ ಕಣ್ಣಲ್ಲಿ ನೀರು ಬಂತು. "ನೋಡ್ರೋ, ನಮ್ಮ ಎಡಗಾಲು ಬದುಕಿದೆ!" ಎಂದು ಬೀದಿಗೆ ಹೋಗಿ ಕೂಗಿದ. ಬಲಗಾಲಿಗೆ ಮಾತ್ರ ಹುಳಿ ಎಲೆಕೋಸಿನ ಎಲೆಯನ್ನು ರಾಕಿಯಾ ಸಾರಾಯಿಯಲ್ಲಿ ಅದ್ದಿ ಕಟ್ಟಿಸಿದ. ರಾತ್ರಿ ಬಿಚ್ಚಿದಾಗ ಅದರಲ್ಲಿ ಅನ್ನ ಸುತ್ತಿ ಬೇಯಿಸಿದರೆ ಹೇಗಿರುತ್ತದೆ ಎಂದು ನನಗೇ ಆಸೆಯಾಯಿತು.

ಹಲ್ಲುಜ್ಜುವುದು ನಡೆಯುತ್ತಿದೆ. ಬಿದ್ದದ್ದು ಬಚ್ಚಲಿನೊಳಗೇ.

ಜನವರಿಯಲ್ಲಿ ನಿನ್ನನ್ನು ನೋಡಲು ಬರುತ್ತೇನೆ. ಯಂತ್ರ ಒಂದು ನೆಪ.

ರಾದಿಸಾವ್


ನೆಗೊತಿನ್
2 ಫೆಬ್ರವರಿ 1987

ಅಕ್ಕಾ,

ಸುಖವಾಗಿ ಬಂದು ತಲುಪಿದೆ. ರೈಲಿನಲ್ಲಿ ಎದುರು ಕುಳಿತಿದ್ದವನಿಗೆ ನಿನ್ನ ಯಂತ್ರದ ಬಗ್ಗೆ ಝಾಗ್ರೆಬ್‌ನಿಂದ ಬೆಲ್‌ಗ್ರೇಡಿನವರೆಗೆ ವಿವರಿಸಿದೆ. ಅವನು ನಿದ್ದೆ ಹೋಗಿದ್ದನೆಂದು ಆಮೇಲೆ ಗೊತ್ತಾಯಿತು.

ನಿನ್ನ ಪ್ರೊಫೆಸರು ಒಳ್ಳೆಯ ಮನುಷ್ಯ. ನನ್ನ ಮಂಡಿಯ ಕಡೆ ನೋಡುತ್ತಲೇ, "ತೊಂಬತ್ತನಾಲ್ಕು! ಬೇಕಾಗಿದ್ದು ತೊಂಬತ್ತು. ಶಭಾಷ್ ಕಣ್ರೀ!" ಎಂದು ಬೆನ್ನು ತಟ್ಟಿದಾಗ ಅವರ ಕೆನ್ನೆಗೆ ಮುತ್ತು ಕೊಡಬೇಕೆನಿಸಿತು. ಊರಿಗೆ ಬಂದ ತಕ್ಷಣ ಜಿವೋತಾ ಮಾಮನಿಗೆ ಹೇಳಿದೆ. ಅವನು ಕ್ಲಬ್ಬಿನ ಗೋಡೆಯ ಮೇಲೆ ಸುಣ್ಣದಲ್ಲಿ 94 ಎಂದು ಬರೆದ. ನೋಡಿದವರೆಲ್ಲ ಅದು ನಮ್ಮ ಬಸ್ಸಿನ ನಂಬರು ಎಂದುಕೊಂಡಿದ್ದಾರೆ.

ಒಂದು ಮಾತು. ಸ್ಟೇಷನ್ನಿನಲ್ಲಿ ನೀನು ಯಾಕೆ ಅಷ್ಟು ಸುಮ್ಮನಿದ್ದೆ? ರೈಲು ಹೊರಟಾಗಲೂ ಕೈ ಬೀಸಲಿಲ್ಲ, ನನ್ನ ಕಾಲುಗಳನ್ನೇ ನೋಡುತ್ತಾ ನಿಂತಿದ್ದೆ. ತಮ್ಮ ಹೋಗುತ್ತಿದ್ದಾನೆ ಎಂಬ ಸಂಕಟ ಎಂದು ತಿಳಿದಿದ್ದೇನೆ. ಸಂಕಟ ಬೇಡ. ಬೇಸಿಗೆಯಲ್ಲಿ ಮತ್ತೆ ಬರುತ್ತೇನೆ.

ಆಡಬಹುದೆಂಬ ಒಪ್ಪಿಗೆಯ ಕಾಗದ ಬೇಗ ಕಳಿಸು. ಪಂದ್ಯ ಹತ್ತಿರ ಬಂತು.

ತೊಂಬತ್ತನಾಲ್ಕು ರಾದಿಸಾವ್


ಲ್ಯುಬ್ಲಿಯಾನಾ
11 ಫೆಬ್ರವರಿ 1987

ರಾದೆ,

ಈ ಪತ್ರವನ್ನು ಕೂತು ಓದು. ಸ್ತಾಮೆನಾಗೆ ತೋರಿಸಬೇಡ.

ಪ್ರೊಫೆಸರ್ ಭಾಗಾಕಾರದ ಉತ್ತರ ನೋಡಿ ಸಂತೋಷಪಟ್ಟರು. ನಾನು ಮೇಲಿನ ಅಂಕೆ, ಕೆಳಗಿನ ಅಂಕೆ ನೋಡಿದೆ. ಇಬ್ಬರು ಕುಳ್ಳರನ್ನು ಪಕ್ಕಪಕ್ಕ ನಿಲ್ಲಿಸಿದರೂ ಸಮ ಎತ್ತರ ಎನ್ನಬಹುದಲ್ಲವೇ? ನಿನ್ನ ಬಲಗಾಲು ಇನ್ನೂ ಸೊರಗಿದೆ, ಅದು ನನಗೆ ಗೊತ್ತಿತ್ತು. ಆದರೆ ನಿನ್ನ ಎಡಗಾಲು! ನಮ್ಮ ಕಚೇರಿಯ ಟೈಪಿಸ್ಟ್ ಮೇಡಂ ಒಮ್ಮೆ ಊಟದ ಬಿಡುವಿನಲ್ಲಿ ಕುತೂಹಲಕ್ಕೆ ಆ ಕುರ್ಚಿಯಲ್ಲಿ ಕುಳಿತು ಒದ್ದಿದ್ದರು. ಅವರದು ನಿನ್ನದಕ್ಕಿಂತ ಜಾಸ್ತಿ.

ಡಿಸೆಂಬರಿನಲ್ಲಿ ತಕ್ಕಡಿ ಮುರಿದ ಕಾಲು ಜನವರಿಯಲ್ಲಿ ಹೀಗಾಗುವುದು ಎಂದರೆ ಏನು? ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ. ನರದ ಡಾಕ್ಟರೊಬ್ಬರನ್ನು ಕೇಳಿದೆ, ಹೆಸರು ಹೇಳಲಿಲ್ಲ. ಕೆಲವು ಕಾಯಿಲೆಗಳು ಹೀಗೇ ಸದ್ದಿಲ್ಲದೆ ಒಳ್ಳೆಯ ಕಾಲಿನಿಂದ ಶುರುವಾಗುತ್ತವಂತೆ. ನಿಜ ಹೇಳು, ನಡೆಯುವಾಗ ಎಡಗಾಲಿನ ಚಪ್ಪಲಿ ಜಾರುತ್ತದೆಯೇ? ಅಂಗಿಯ ಗುಂಡಿ ಹಾಕುವಾಗ ಬೆರಳು ನಡುಗುತ್ತದೆಯೇ? ಮಲಗಿದಾಗ ತೊಡೆಯ ಮಾಂಸ ತಾನಾಗಿ ಅದುರುತ್ತದೆಯೇ?

ಕಾಗದ ಈಗ ಬರುವುದಿಲ್ಲ. ಪ್ರೊಫೆಸರ್ ಸ್ವಲ್ಪ ತಡೆಯೋಣ ಎಂದಿದ್ದಾರೆ. ಪಂದ್ಯ ಮರೆತುಬಿಡು. ಮೊದಲು ನೀನು ಇರಬೇಕು, ಆಮೇಲೆ ನಿನ್ನ ಕಾಲು.

ಕೂಡಲೇ ಬರೆ.

ಅಕ್ಕ


ನೆಗೊತಿನ್
17 ಫೆಬ್ರವರಿ 1987

ಅಕ್ಕಾ,

ಟೈಪಿಸ್ಟ್?

ಇಪ್ಪತ್ತು ವರ್ಷದ ಸೇವೆಗೆ ಸಿಕ್ಕ ಮರ್ಯಾದೆ ಇದು! ಚರ್ಚಿನ ಗಾಜು, ಮೇಯರ್ ಸಾಹೇಬರ ಟೋಪಿ, ಕಟುಕನ ತಕ್ಕಡಿ, ಮೂವರು ಗೋಲ್‌ಕೀಪರುಗಳ ಬೆರಳು, ಇವೆಲ್ಲ ಮುರಿದದ್ದು ಯಾವ ಕಾಲು? ಗಣಿ ಊರಿನ ಗೋಲ್‌ಕೀಪರ್ ನನ್ನ ಎಡಗಾಲು ಕಂಡರೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾನೆ, ಅವನು ಕಮ್ಯುನಿಸ್ಟ್ ಪಾರ್ಟಿಯ ಸದಸ್ಯ! ಅಂಥ ಕಾಲನ್ನು ನೀನು ಬೆರಳಚ್ಚು ಹೊಡೆಯುವ ಹೆಂಗಸಿನ ಕಾಲಿನ ಪಕ್ಕದಲ್ಲಿ ನಿಲ್ಲಿಸಿದೆಯಲ್ಲ.

ನನಗೆ ಯಾವ ಕಾಯಿಲೆಯೂ ಇಲ್ಲ. ಚಪ್ಪಲಿ ಜಾರುವುದಿಲ್ಲ. ತೊಡೆ ಅದುರುತ್ತಿರುವುದು ನಿನ್ನ ಪತ್ರ ಓದಿದ ಮೇಲೆ, ಸಿಟ್ಟಿಗೆ.

ನಾನು ಪೂರ್ತಿ ಜೋರಿನಲ್ಲಿ ಒದ್ದಿದ್ದರೆ ನಿನ್ನ ಯಂತ್ರ ಗೋಡೆ ಒಡೆದುಕೊಂಡು ಗಡಿಯಾಚೆ ಇಟಲಿಯ ತ್ರಿಯೆಸ್ತೆಗೆ ಹೋಗಿ ಬೀಳುತ್ತಿತ್ತು! ಜಿವೋತಾ ಮಾಮ ಹೊರಡುವಾಗಲೇ ಹೇಳಿಕೊಟ್ಟಿದ್ದ: "ನೂರಕ್ಕೆ ತೊಂಬತ್ತು ಬೇಕು ಅಂದ್ರೆ ಬಲಗಾಲೇ ಮೇಲೇರಬೇಕು ಅಂತ ಯಾವ ಕಾನೂನಲ್ಲಿದೆಯೋ? ಎಡಗಾಲು ಒಂದು ದಿನ ಕೆಳಗಿಳಿದ್ರೆ ಸಾಕಲ್ಲ. ಮಗೂನ ಮಲಗಿಸೋವಾಗ ತಟ್ತೀವಲ್ಲ, ಹಾಗೆ ಒದ್ದು ಬಾ." ಅದಕ್ಕೇ ಮರ್ಯಾದೆಯಿಂದ ತಟ್ಟಿ ಬಂದೆ. ತಟ್ಟಿದ್ದನ್ನು ಒದ್ದದ್ದೆಂದು ತಿಳಿದರೆ ತಪ್ಪು ಯಾರದು?

ಆದ್ದರಿಂದ ಆ ಮೇಡಮ್ಮಿಗೆ ಹೇಳು, ಬೇಕಾದರೆ ನೆಗೊತಿನ್‌ಗೆ ಬರಲಿ, ಮೈದಾನದಲ್ಲಿ ನೋಡೋಣ. ಮತ್ತು ಕಾಗದ ಕಳಿಸು.

ಅವಮಾನಿತ ಎಡಗಾಲು

(ಲಕೋಟೆಯ ಹಿಂಬದಿಯಲ್ಲಿ:) ಅಕ್ಕಾ, ಅಂಟು ಹಾಕಿದ ಮೇಲೆ ಮಾಮನಿಗೆ ಏನು ಬರೆದೆ ಎಂದು ಹೇಳಿದೆ. ಅವನು ತಲೆ ಚಚ್ಚಿಕೊಂಡ. ತಕ್ಕಡಿಯ ಸಾಲ ತೀರುವವರೆಗೆ ಸ್ತಾಮೆನಾ ಇನ್ನೊಂದು ಅಂಚೆಚೀಟಿ ಕೊಡುವುದಿಲ್ಲ. ದಯವಿಟ್ಟು ನಾಲ್ಕನೆಯ ಪ್ಯಾರಾ ಓದಬೇಡ.


ಲ್ಯುಬ್ಲಿಯಾನಾ
24 ಫೆಬ್ರವರಿ 1987

ರಾದೆ,

ನಾಲ್ಕನೆಯ ಪ್ಯಾರಾವನ್ನೇ ಮೊದಲು ಓದಿದೆ.

ಓದಿ ಪ್ರಯೋಗಶಾಲೆಯಲ್ಲೇ, ಆ ಕುರ್ಚಿಯ ಮೇಲೇ ಕುಳಿತು ಅತ್ತುಬಿಟ್ಟೆ. ಪ್ರೊಫೆಸರ್ ಚಹಾ ಹಿಡಿದುಕೊಂಡು ಓಡಿಬಂದರು.

"ಏನಾಯ್ತಮ್ಮಾ? ಯಾರಾದ್ರೂ ಹೋದ್ರಾ?"

"ಇಲ್ಲ ಸರ್. ನನ್ನ ತಮ್ಮ ದೊಡ್ಡ ಮೋಸಗಾರ ಅಂತ ಗೊತ್ತಾಯ್ತು."

"ಹಾಗಾದ್ರೆ ಅಳೋದ್ಯಾಕೆ?"

"ಸಂತೋಷಕ್ಕೆ ಸರ್."

ಅವರು ಚಹಾವನ್ನು ತಾವೇ ಕುಡಿದು ಹೋದರು.

ಈಗ ಅಳು ಮುಗಿದಿದೆ, ಬೈಯಲು ಸಮಯವಿದೆ. ನಿನ್ನ ಬಲಗಾಲು ಮಾತ್ರ ಅವತ್ತು ಸತ್ಯ ಹೇಳಿದೆ, ಪಾಪ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ನಿನ್ನಂಥ ಮೈಕಟ್ಟಿನವರ ಎಡಗಾಲು ಪ್ರಾಮಾಣಿಕವಾಗಿ ಒದ್ದರೆ ಎಷ್ಟು ಬರಬೇಕೆಂದು ನನ್ನ ಹತ್ತಿರ ಲೆಕ್ಕವಿದೆ. ಅದರ ಪಕ್ಕ ಇಟ್ಟರೆ ನಿನ್ನ ಬಲಗಾಲು ತೊಂಬತ್ತನಾಲ್ಕಲ್ಲ, ಅರವತ್ತು. ಗೋಡೆಯ ಮೇಲಿನ ಸುಣ್ಣ ಒರೆಸಿಬಿಡಿ.

ನೀನು ಒದೆಯುವಾಗ ನಿನ್ನ ಎಡಗಾಲು ಎಲ್ಲಿರುತ್ತದೆ? ಗಾಳಿಯಲ್ಲಿ. ಅಷ್ಟು ಹೊತ್ತು ಇಡೀ ರಾದಿಸಾವ್, ಅವನ ಹೊಟ್ಟೆ, ಅವನ ಜಂಬ, ಎಲ್ಲ ಸೇರಿ ಯಾವುದರ ಮೇಲೆ ನಿಂತಿರುತ್ತದೆ? ನೀನು ಇಪ್ಪತ್ತು ವರ್ಷ ಹೊಡೆದ ಗೋಲುಗಳಲ್ಲಿ ಒಂದನ್ನೂ ಎಡಗಾಲು ಒಂಟಿಯಾಗಿ ಹೊಡೆದಿಲ್ಲ. ಅರವತ್ತರ ಕಾಲಿನ ಮೇಲೆ ನಿಂತು ನೂರರ ಕಾಲು ಬೀಸಿದರೆ ಆ ಹುರಿ ಮತ್ತೆ ಹರಿಯುತ್ತದೆ. ಈ ಸಲ ಹರಿದರೆ ಆಟ ಬಿಡು, ಬಸ್ಸು ಹತ್ತುವುದಕ್ಕೂ ಯಾರದಾದರೂ ಭುಜ ಬೇಕಾಗುತ್ತದೆ.

ಕಾಗದ ಬರುವುದಿಲ್ಲ. ಪ್ರೊಫೆಸರ್ ಸುತರಾಂ ಒಪ್ಪುತ್ತಿಲ್ಲ. ನಾನು ಎಷ್ಟೋ ಹೇಳಿ ನೋಡಿದೆ.

ಅಕ್ಕ


ಲ್ಯುಬ್ಲಿಯಾನಾ
26 ಮಾರ್ಚ್ 1987

ರಾದೆ,

ಒಂದು ತಿಂಗಳಾಯಿತು, ಒಂದು ಅಕ್ಷರವಿಲ್ಲ.

ಪೇಪರಿನಲ್ಲಿ ಹುಡುಕಿದೆ, ಮೂಲೆಯಲ್ಲಿ ಒಂದೇ ಸಾಲು. ಸೊನ್ನೆ-ಎರಡು ಸೋತಿರಿ. ಯಾರು ಆಡಿದರು ಎಂದು ಬರೆದಿರಲಿಲ್ಲ. ಕಾಗದವಿಲ್ಲದೆಯೇ ಇಳಿದುಬಿಟ್ಟೆಯಾ? ಮಂಡಿ ಹೇಗಿದೆ? ನನ್ನ ಮೇಲೆ ಸಿಟ್ಟಿದ್ದರೆ ಖಾಲಿ ಲಕೋಟೆಯನ್ನಾದರೂ ಕಳಿಸು. ವಿಳಾಸ ಬರೆದ ಅಕ್ಷರ ನೋಡಿ ನೀನು ನಿಂತು ಬರೆದೆಯೋ ಮಲಗಿ ಬರೆದೆಯೋ ಎಂದು ತಿಳಿದುಕೊಳ್ಳುತ್ತೇನೆ.

ದೆಸಾ


ನೆಗೊತಿನ್
9 ಏಪ್ರಿಲ್ 1987

ಅಕ್ಕನಿಗೆ,

ನಿಂತು ಬರೆಯುತ್ತಿದ್ದೇನೆ. ಆಡಲಿಲ್ಲ.

ಹನ್ನೊಂದನೆಯ ಅಂಗಿಯನ್ನು ಬಲಗಾಲಿನವನೊಬ್ಬನಿಗೆ ಕೊಟ್ಟರು. ಅವನು ಎಡಗಡೆ ಓಡುವುದು, ಚೆಂಡನ್ನು ಬಲಗಾಲಿಗೆ ಎಳೆದುಕೊಳ್ಳುವುದು, ಅಷ್ಟರಲ್ಲಿ ಗಣಿ ಊರಿನವರು ಬಂದು ತೆಗೆದುಕೊಂಡು ಹೋಗುವುದು, ಇಡೀ ಮಧ್ಯಾಹ್ನ ಇದೇ. ನಾನು ಗೆರೆಯ ಹೊರಗೆ ಕೋಟು ಹಾಕಿಕೊಂಡು ನಿಂತಿದ್ದೆ. ಅವರ ಕಡೆಯವನೊಬ್ಬ ಕೂಗಿದ, "ಏ ಎಡಗಾಲೂ! ಕೋಟಿನೊಳಗೆ ಬೆಚ್ಚಗಿದೀಯಾ? ಮೊಟ್ಟೆ ಇಟ್ಟು ಮರಿ ಮಾಡು!" ನಮ್ಮವರೂ ನಕ್ಕರು. ಅದು ಬೇಜಾರಾಯಿತು.

ನಿನ್ನ ಪ್ರೊಫೆಸರಿಗೆ ನನ್ನ ಹೆಸರಿನಲ್ಲಿ ಹೇಳು: ಅವರ ಚಹಾದ ಪ್ರತಿ ಗುಟುಕಿನಲ್ಲೂ ನಿಂಬೆಬೀಜ ಸಿಗಲಿ. ಅವರ ಕೊಡೆ ಬಿಸಿಲಿದ್ದಾಗ ಮಾತ್ರ ತೆರೆದುಕೊಳ್ಳಲಿ. ಚಳಿಗಾಲದಲ್ಲಿ ಅವರ ಎರಡು ಕಾಲುಚೀಲಗಳೂ ಎಡಗಾಲಿನವೇ ಆಗಲಿ. ಮನುಷ್ಯನ ಜೀವನವನ್ನು ಭಾಗಾಕಾರ ಮಾಡುವ ಆ ಬೋಳುತಲೆಯ ಮೇಲೆ ನೆಗೊತಿನ್‌ನ ಅಷ್ಟೂ ಕಾಗೆಗಳು ಕೂರಲಿ.

ನಿನ್ನ ತಪ್ಪೇನಿಲ್ಲ. ನೀನು ಎಷ್ಟೋ ಹೇಳಿ ನೋಡಿದೆ ಎಂದು ಬರೆದಿದ್ದೀಯಲ್ಲ.

ವೈನ್ ಕಾರ್ಖಾನೆಯಲ್ಲಿ ಉಗ್ರಾಣ ಎಲ್ಲಿದೆ ಎಂದು ಕೊನೆಗೂ ಗೊತ್ತಾಯಿತು: ನೆಲಮಾಳಿಗೆಯಲ್ಲಿ. ಮೆಟ್ಟಿಲು ಕಡಿದು. ಸೋಮವಾರದಿಂದ ನಿಜವಾಗಿಯೂ ಕೆಲಸಕ್ಕೆ ಹೋಗುತ್ತಿದ್ದೇನೆ. ಅಲ್ಲಿಯ ಮೇಸ್ತ್ರಿ ನನ್ನನ್ನು ನೋಡಿ, "ಹತ್ತು ವರ್ಷದಿಂದ ಸಂಬಳ ತಗೋತಿದೀಯಲ್ಲ, ನಿನ್ನ ಮುಖ ಇವತ್ತೇ ಕಂಡಿದ್ದು ಮಾರಾಯ!" ಎಂದ.

ಗೆಳೆಯನೊಬ್ಬ ಕೇಳುತ್ತಿದ್ದಾನೆ. ಭಾರ ಹೊತ್ತು ಮೆಟ್ಟಿಲು ಹತ್ತುವಾಗ ಹೊಲಿದ ಕಾಲನ್ನೇ ಮುಂದಿಡಬೇಕೋ, ಹೇಗೆ? ಅವನ ಹೆಸರು ಬೇಡ.

ರಾದಿಸಾವ್


ಲ್ಯುಬ್ಲಿಯಾನಾ
20 ಏಪ್ರಿಲ್ 1987

ರಾದೆ,

ನಿನ್ನ ಗೆಳೆಯನಿಗೆ ಹೇಳು: ಹತ್ತುವಾಗ ಹೊಲಿದ ಕಾಲು ಮುಂದೆ. ಇಳಿಯುವಾಗ ಒಳ್ಳೆಯ ಕಾಲು ಮುಂದೆ ಹೋಗಲಿ, ಹೊಲಿದ ಕಾಲು ಹಿಂದೆ ಮೇಲಿನ ಮೆಟ್ಟಿಲಲ್ಲಿ ನಿಧಾನವಾಗಿ ಮಡಚಿಕೊಂಡು ಮೈಯನ್ನು ಇಳಿಸಲಿ. ಕಲಿಯುವುದು ಅಲ್ಲೇ. ಭಾರ ಮೊದಲು ಒಂದು ಬುಟ್ಟಿ, ಮಂಡಿ ಊದದಿದ್ದರೆ ಎರಡು. ಊದಿದ ದಿನ ರಜೆ. ಎಲೆಕೋಸು ಬೇಡ, ಅದನ್ನು ತಿನ್ನಲಿ. ಇನ್ನೊಂದು ಹಾಳೆಯಲ್ಲಿ ಚಿತ್ರ ಬರೆದು ಇಟ್ಟಿದ್ದೇನೆ. ಚಿತ್ರದಲ್ಲಿ ಮೂಗು ನಿನ್ನದರ ಹಾಗೆ ಬಂದದ್ದು ಆಕಸ್ಮಿಕ.

ನನ್ನ ಅಳತೆಯೆಲ್ಲ ಮುಗಿಯಿತು. ಒಂದು ವಿಚಿತ್ರ ಹೇಳಲೇ? ನಾನು ಕರೆಸಿದ್ದ ಆರೋಗ್ಯವಂತ ಆಟಗಾರರಲ್ಲಿ ಬಹುಪಾಲು ಮಂದಿಗೆ ಒದೆಯುವ ಕಾಲಿಗೂ ನಿಲ್ಲುವ ಕಾಲಿಗೂ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. "ಇಷ್ಟೇನಾ?" ಎಂದು ಕೆಲವರು ಮುಖ ಸಪ್ಪಗೆ ಮಾಡಿಕೊಂಡು ಹೋದರು. ಒಂಟಿಕಾಲಲ್ಲಿ ನಿಲ್ಲಿಸಿದಾಗ ಮಾತ್ರ ಹಲವರದು ಹೆಸರಿಲ್ಲದ ಆ ಕಾಲೇ ಕಡಿಮೆ ತೂಗಾಡಿತು. ಇದನ್ನು ಬರೆಯುವಾಗ ನಿನ್ನನ್ನು ನೆನೆಸಿಕೊಂಡೆ. ನಿನ್ನ ಅಂಕೆಗಳನ್ನು ಪ್ರಬಂಧದಲ್ಲಿ ಸೇರಿಸಿಲ್ಲ, ಸುಳ್ಳುಗಾರರಿಗೆ ಅಲ್ಲಿ ಕಾಲಮ್ಮು ಇಲ್ಲ.

ಪ್ರೊಫೆಸರಿಗೆ ಮೊನ್ನೆ ನಿಂಬೆಬೀಜ ಸಿಕ್ಕಿತು. ಕೆಮ್ಮಿ ಕೆಮ್ಮಿ ಕೆಂಪಾದರು. ಅವರನ್ನು ಅಷ್ಟು ಬೈಯಬೇಡವೋ. ಅಷ್ಟೇನೂ ಕೆಟ್ಟವರಲ್ಲ.

ಅಕ್ಕ


ನೆಗೊತಿನ್
14 ಜೂನ್ 1987

ಅಕ್ಕಾ,

ಗೆಳೆಯ ಈಗ ಎರಡು ಬುಟ್ಟಿ ಹೊರುತ್ತಿದ್ದಾನೆ. ಮೇಸ್ತ್ರಿಗೆ ಸಂಶಯ ಶುರುವಾಗಿದೆ. "ನೀನ್ಯಾಕೋ ಖಾಲಿ ಕೈಯಲ್ಲೂ ಮೆಟ್ಟಿಲು ಹತ್ತಿ ಇಳೀತೀಯಾ?" ಎಂದು ಕೇಳಿದ. "ಲೆಕ್ಕ ಮರೀತು" ಎಂದೆ. "ಯಾವ ಲೆಕ್ಕ?" ಎಂದ. ಮತ್ತೆ ಹತ್ತಿದೆ.

ಬಲತೊಡೆಗೆ ಪ್ಯಾಂಟು ಬಿಗಿಯಾಗುತ್ತಿದೆ. ಸ್ತಾಮೆನಾ ಹೊಲಿಗೆ ಬಿಚ್ಚುತ್ತಾ, "ಇಷ್ಟು ವರ್ಷ ಇನ್ನೊಂದು ಕಾಲಿಗೇ ದೃಷ್ಟಿ ತೆಗೀತಿದ್ದೆ, ಇದರ ಕಡೆ ನೋಡಿದ್ದೇ ಇಲ್ಲ ನಾನು" ಎಂದಳು. ಆಮೇಲೆ ಯಾಕೋ ಆ ಮಂಡಿಯ ಗಾಯದ ಗುರುತಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ಕೂತಳು. ಜಿವೋತಾ ಮಾಮ ಬಂದಿದ್ದ. ಅವನೂ ಹೊಸ ತಂತ್ರವೇನನ್ನೂ ಹೇಳಿಕೊಡಲಿಲ್ಲ. "ಆಗಸ್ಟ್ ಕೊನೇಗೆ ಹೊಸ ಸೀಸನ್ನು. ಅಂಗಿ ಒಗೆದು ಇಟ್ಟಿರ್ತೀನಿ. ಬಂದ್ರೆ ಬಾ" ಎಂದಷ್ಟೇ ಹೇಳಿ ಹೋದ.

ಜುಲೈನಲ್ಲಿ ಅಲ್ಲಿಗೆ ಬರುತ್ತೇನೆ. ಈ ಸಲ ತಟ್ಟುವುದಿಲ್ಲ. ಯಂತ್ರವನ್ನು ನೆಲಕ್ಕೆ ಭದ್ರವಾಗಿ ಬಿಗಿಸಿಡು.

ಪ್ರೊಫೆಸರಿಗೆ ಹೇಳು, ಬೀಜ ವಾಪಸ್ ತೆಗೆದುಕೊಂಡಿದ್ದೇನೆ. ಕೊಡೆ ಮಾತ್ರ ಇನ್ನೂ ಹಾಗೇ ಇರಲಿ.

ರಾದಿಸಾವ್


ಲ್ಯುಬ್ಲಿಯಾನಾ
5 ಆಗಸ್ಟ್ 1987

ರಾದೆ,

ಕಾಗದ ಇದರೊಳಗಿದೆ.

ಎಡಗಾಲು ಮುಳ್ಳನ್ನು ಹಾಳೆಯ ಅಂಚಿಗೆ ಎಸೆದದ್ದನ್ನು ನೀನೇ ನೋಡಿದೆ. ಬಲಗಾಲು ಅದರ ತೊಂಬತ್ತೊಂದು. ಟೈಪಿಸ್ಟ್ ಮೇಡಂ ನಿನಗೆ ಅಭಿನಂದನೆ ತಿಳಿಸಿದ್ದಾರೆ, ಸೋಲೊಪ್ಪಿಕೊಂಡಿದ್ದಾರೆ.

ತೊಂಬತ್ತೊಂದು ಎಂದರೆ ಏನೂ ಆಗುವುದಿಲ್ಲ ಎಂಬ ಭರವಸೆಯಲ್ಲ. ಯಂತ್ರಕ್ಕೆ ಕೆಸರು ಗೊತ್ತಿಲ್ಲ, ಗಣಿ ಊರಿನ ಬ್ಯಾಕ್ ಆಟಗಾರರೂ ಗೊತ್ತಿಲ್ಲ. ಸಹಿ ಹಾಕಲು ಪೆನ್ನು ಎತ್ತಿ ಎರಡು ಸಲ ಕೆಳಗಿಟ್ಟೆ. ಪ್ರೊಫೆಸರ್ ಬೇಸಿಗೆ ರಜೆಯ ಮೇಲೆ ಸಮುದ್ರಕ್ಕೆ ಹೋಗಿರುವುದರಿಂದ ನಾನೇ ಹಾಕಬೇಕಾಯಿತು.

ಪಂದ್ಯ ಮುಗಿದ ದಿನವೇ ಬರೆ. ಗೆದ್ದಿರೋ ಸೋತಿರೋ ಅದು ಪೇಪರಿನಲ್ಲಿ ಬರುತ್ತದೆ. ಪೇಪರಿನಲ್ಲಿ ಬಾರದ್ದನ್ನು ಬರೆ.

ಅಕ್ಕ


ನೆಗೊತಿನ್
30 ಆಗಸ್ಟ್ 1987

ದೆಸಾ ಅಕ್ಕಾ,

ಪ್ರೊಫೆಸರ್ ರಜೆಯ ಮೇಲಿದ್ದಾರೆಯೇ? ಪಾಪ, ಆರಾಮಾಗಿರಲಿ. ಅವರ ಕೊಡೆ, ಕಾಲುಚೀಲ, ಕಾಗೆ, ಎಲ್ಲ ಶಾಪವನ್ನೂ ಇವತ್ತು ಹಿಂದೆಗೆದುಕೊಂಡಿದ್ದೇನೆ.

ಬೆಲ್‌ಗ್ರೇಡಿನ ಡಾಕ್ಟರು ನನ್ನನ್ನು ನಿನ್ನಲ್ಲಿಗೆ ಕಳಿಸುವಾಗಲೇ ಹೇಳಿದ್ದರು: "ಪ್ರೊಫೆಸರ್ ಗೀಫೆಸರ್ ಬೇಡ. ಅಳೆದವರ ಸಹಿ ಒಂದಿದ್ರೆ ಸಾಕು ನನಗೆ." ಅಳೆದವಳು ನೀನು. ಫೆಬ್ರವರಿಯಲ್ಲಿ ಕಾಗದ ಕೊಡದೆ ಬಾಗಿಲು ಹಾಕಿದವರು ಯಾರೆಂದು ನನಗೆ ಅವತ್ತೇ ಗೊತ್ತಿತ್ತು, ಅಕ್ಕಾ. ಬೈಯದಿದ್ದರೆ ನನ್ನ ಎದೆ ಒಡೆದುಹೋಗುತ್ತಿತ್ತು. ಬೈಗುಳ ಕಳಿಸಲು ಒಂದು ವಿಳಾಸ ಬೇಕಿತ್ತು. ನಿನ್ನ ವಿಳಾಸಕ್ಕೆ ಕಳಿಸಲು ಮನಸ್ಸು ಬರಲಿಲ್ಲ. ನೀನಾಗಿಯೇ ಆ ಬೋಳುತಲೆಯನ್ನು ಮುಂದಿಟ್ಟಿದ್ದೆ, ಉಪಕಾರವಾಯಿತು.

ಪಂದ್ಯದ ಸಂಗತಿ. ಕೊನೆಯ ಇಪ್ಪತ್ತು ನಿಮಿಷ ಇದೆ ಎನ್ನುವಾಗ ಜಿವೋತಾ ಮಾಮ ಇಳಿಸಿದ. ಊರವರು ಎದ್ದು ನಿಂತರು. ಮೊದಲ ಚೆಂಡು ಎಡಗಾಲಿಗೆ ಬಂತು, ಒದ್ದೆ. ಅದು ಗೋಲಿನ ಮೇಲೆ ಹಾರಿ, ಬೇಲಿಯ ಮೇಲೆ ಹಾರಿ, ಆಚೆಯ ದ್ರಾಕ್ಷಿ ತೋಟದಲ್ಲಿ ಬಿತ್ತು. "ದ್ರಾಕ್ಷಿ ಹಣ್ಣಾಗಿದೆಯಾ ಅಂತ ನೋಡ್ಕೊಂಡು ಬರಕ್ಕೆ ಕಳಿಸ್ದೆಯೇನೋ?" ಎಂದು ಯಾರೋ ಕೂಗಿದರು. ಎಷ್ಟು ಹಿತವಾಯಿತು ಗೊತ್ತೇ ಆ ಬೈಗುಳ, ಒಂದೂವರೆ ವರ್ಷದ ಮೇಲೆ!

ಆಮೇಲೆ ಅದಾಯಿತು. ಚೆಂಡಿನ ಹಿಂದೆ ಓಡುತ್ತಿದ್ದೆ, ಎದುರು ತಂಡದ ಬ್ಯಾಕ್ ಪಕ್ಕದಿಂದ ಬಂದು ಗುದ್ದಿದ, ಇಬ್ಬರೂ ಬಿದ್ದೆವು. ಅಕ್ಕಾ, ಇಡೀ ಊರು "ಎಡಗಾಲೂ!" ಎಂದು ಕಿರುಚಿತು. ಸ್ತಾಮೆನಾ ಮಾತ್ರ ಒಂದು ಸಲ ನನ್ನ ಹೆಸರು ಕೂಗಿದ್ದು ಕೇಳಿಸಿತು, ಎಡಗಾಲೂ ಎಂದಲ್ಲ, ರಾದೆ ಎಂದು.

ಆದರೆ ಚೆಂಡು ಅಲ್ಲೇ ಮುಂದೆ ಉರುಳುತ್ತಿತ್ತು. ನಾನು ಎದ್ದು ಅದರ ಹಿಂದೆ ಹೋದೆ. ಅಷ್ಟೇ. ಗೋಲು ಆಗಲಿಲ್ಲ, ಒಂದು-ಒಂದರಲ್ಲಿ ಮುಗಿಯಿತು.

ಪಂದ್ಯವಾದ ಮೇಲೆ ಮಾಮ ಓಡಿಬಂದು ನನ್ನ ಎರಡೂ ತೊಡೆ ಹಿಡಿದುಕೊಂಡ. "ಬಿದ್ಯಲ್ಲ, ಆವಾಗ ಯಾವ ಕಾಲೂರಿ ಎದ್ಯೋ? ನಾನು ಕಣ್ಣು ಮುಚ್ಕೊಂಡ್‌ಬಿಟ್ಟಿದ್ದೆ, ನೋಡ್ಲಿಲ್ಲ. ಹೇಳೋ, ಎಡಗಾಲಾ, ಬಲಗಾಲಾ?"

ನಾನು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ನಿನ್ನ ತಮ್ಮ,
ರಾದೆ